ಬಾಸ್ ಮೀನು ಗೂಡು ಕಟ್ಟುವ ಮುಂಚೆ ಎಲ್ಲಿರುತ್ತದೆ?

ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ, ಅಮೆರಿಕದ ಸಿಹಿನೀರಿನ ಬಾಸ್ ಮೀನಿನ ಲೇಖನ ಓದಿದೆ. ಕನ್ನಡದಲ್ಲಿ ಗಾಳ ಹಾಕುವುದರ ಬಗ್ಗೆ ಬರೆಯುವವರೇ ಕಮ್ಮಿ, ಹಾಗಾಗಿ ಖುಷಿಯಾಯಿತು. ಒಂದು ಮಾತು ಮಾತ್ರ ಒಪ್ಪಲು ಆಗಲಿಲ್ಲ. ವಸಂತ ಬಂದ ಕೂಡಲೇ ದಡದ ತೆಳು ನೀರಿನಲ್ಲಿ ಗೂಡು (ಮೊಟ್ಟೆ ಇಡಲು ಮೀನು ತಳದಲ್ಲಿ ಮಾಡುವ ಗುಣಿ) ಹುಡುಕಿ, ಅದರ ಮೇಲೇ ಎರೆ ಬಿಡಿ ಅಂತ ಲೇಖಕರು ಸಲಹೆ ಕೊಟ್ಟಿದ್ದಾರೆ. ಗೂಡು ಕಣ್ಣಿಗೆ ಬೀಳುವ ಹೊತ್ತಿಗೆ ಬಾಸ್ ಹಿಡಿಯುವ ಒಳ್ಳೆಯ ಕಾಲ ಕೈಬಿಟ್ಟು ಹೋಗಿರುತ್ತದೆ. ಆ ಕಾಲ ಬರುವುದು ಅದಕ್ಕೆ ಕೆಲವು ವಾರ ಮುಂಚೆ. ಆಗ ಮೀನು ಚಳಿಗಾಲದ ಆಳವನ್ನು ಬಿಟ್ಟಿರುತ್ತದೆ, ದಡವನ್ನು ಇನ್ನೂ ಮುಟ್ಟಿರುವುದಿಲ್ಲ. ಎರಡರ ನಡುವೆ ಎಲ್ಲೋ ಇರುತ್ತದೆ.

ನನ್ನ ಬಗ್ಗೆ ಒಂದು ಮಾತು. ಮಂಡಿ ನೋವು ಶುರುವಾದ ಮೇಲೆ ದೋಣಿ ಹತ್ತುವುದನ್ನು ಬಿಟ್ಟಿದ್ದೇನೆ. ದಡದಲ್ಲಿ ನಡೆದುಕೊಂಡು ಹೋಗಿ ಗಾಳ ಎಸೆಯುತ್ತೇನೆ. ಅಳಿಯನ ದೋಣಿಯಲ್ಲಿ ಸೋನಾರ್ ಪರದೆ ಇದೆ, ಮೀನಿನ ಬಾಲ ಅಲ್ಲಾಡುವುದೂ ಅದರಲ್ಲಿ ಕಾಣುತ್ತದಂತೆ. ನನ್ನ ಹತ್ತಿರ ಇರುವುದು ದಾರಕ್ಕೆ ಕಟ್ಟಿದ ಒಂದು ಥರ್ಮಾಮೀಟರ್. ಮೀನು ಹಿಡಿಯುವುದರಲ್ಲಿ ಅವನಿಗಿಂತ ಹಿಂದೆ ಬಿದ್ದಿದ್ದೇನೆ ಅಂತ ಅವನೂ ಹೇಳುವುದಿಲ್ಲ.

ಲೇಖನದಲ್ಲಿ ತಿಂಗಳ ಹೆಸರು ಕೊಟ್ಟಿದ್ದಾರೆ. ತಿಂಗಳು ನೋಡಿ ಏನು ಮಾಡುವುದು? ಅಮೆರಿಕದ ದಕ್ಷಿಣದ ತುದಿಯ ಫ್ಲೋರಿಡಾದ ಕೆರೆಗಳಲ್ಲಿ ಫೆಬ್ರವರಿಯಲ್ಲೇ ಗೂಡು ಕಾಣಬಹುದು. ಉತ್ತರದ ಚಳಿಯ ಮಿನ್ನೆಸೋಟಾದಲ್ಲಿ ಅದಕ್ಕೆ ಮೇ ಬರಬೇಕು. ನೀರಿನ ಬಿಸಿ ಮಾತ್ರ ಎರಡೂ ಕಡೆ ಒಂದೇ ಲೆಕ್ಕ ಹೇಳುತ್ತದೆ. ಬಾಸ್‌ನಲ್ಲಿ ಎರಡು ಮುಖ್ಯ ಜಾತಿ, ದೊಡ್ಡ ಬಾಯಿಯ ಲಾರ್ಜ್‌ಮೌತ್ ಮತ್ತು ಸಣ್ಣ ಬಾಯಿಯ ಸ್ಮಾಲ್‌ಮೌತ್. ಲಾರ್ಜ್‌ಮೌತ್ ಮೊಟ್ಟೆ ಇಡುವುದು ಹೆಚ್ಚಾಗಿ ನೀರು 16ರಿಂದ 20 ಡಿಗ್ರಿ ಸೆಲ್ಸಿಯಸ್ ತಲುಪಿದಾಗ. ಸ್ಮಾಲ್‌ಮೌತ್ ಇನ್ನೂ ಸ್ವಲ್ಪ ತಣ್ಣಗಿರುವಾಗಲೇ ಶುರು ಮಾಡುತ್ತದೆ. ನೀರು 8–10 ಡಿಗ್ರಿ ದಾಟಿದಂತೆ ಮೀನು ಆಳದಿಂದ ಕದಲುತ್ತದೆ. ಅಲ್ಲಿಂದ ಸುಮಾರು 15 ಡಿಗ್ರಿವರೆಗೆ ಅದು ತಿನ್ನುವ ಅವಸರದಲ್ಲಿರುತ್ತದೆ. ಹೆಣ್ಣಿನ ಹೊಟ್ಟೆಯಲ್ಲಿ ಮೊಟ್ಟೆ ಬಲಿಯುತ್ತಿರುತ್ತದೆ. ನೀರು ಬೆಚ್ಚಗಾದಷ್ಟೂ ತಿಂದದ್ದು ಬೇಗ ಅರಗುತ್ತದೆ, ಹಸಿವೂ ಜಾಸ್ತಿ.

ಥರ್ಮಾಮೀಟರನ್ನು ನೀರಿನ ಮೇಲ್ಭಾಗದಲ್ಲಷ್ಟೇ ಅದ್ದಿ ತೆಗೆಯಬೇಡಿ. ಬಿಸಿಲು ಬಿದ್ದ ಮಧ್ಯಾಹ್ನ ಮೇಲಿನ ಪದರ ಸುಳ್ಳು ಹೇಳುತ್ತದೆ. ಮೂರು ನಾಲ್ಕು ಅಡಿ ಕೆಳಗೆ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ನೋಡಿ. ಒಂದೇ ಕೆರೆಯ ಎರಡು ದಡಗಳ ನಡುವೆ ಎರಡು ಮೂರು ಡಿಗ್ರಿ ವ್ಯತ್ಯಾಸ ಸಿಗುವುದುಂಟು. ಈ ಕಾಲದಲ್ಲಿ ಅಷ್ಟು ಸಾಕು, ಮೀನೆಲ್ಲ ಬೆಚ್ಚಗಿರುವ ಕಡೆಯೇ ಸೇರಿರುತ್ತದೆ.

ಯಾವ ದಡ ಮೊದಲು ಬೆಚ್ಚಗಾಗುತ್ತದೆ? ಉತ್ತರ ಗೋಳಾರ್ಧದಲ್ಲಾದರೆ ಕೆರೆಯ ಉತ್ತರ ಮತ್ತು ವಾಯವ್ಯದ ದಡ. ದಕ್ಷಿಣದಿಂದ ಬರುವ ಬಿಸಿಲು ಅಲ್ಲಿಗೆ ನೇರ ಬೀಳುತ್ತದೆ. ಬೆನ್ನಿಗೆ ನೆಲ ಇರುವುದರಿಂದ ತಣ್ಣನೆಯ ಉತ್ತರದ ಗಾಳಿಯೂ ತಾಗುವುದಿಲ್ಲ. (ದಕ್ಷಿಣ ಆಫ್ರಿಕಾದಲ್ಲೂ ಬಾಸ್ ಇದೆ. ಅಲ್ಲಿ ಗಾಳ ಹಾಕುವವರು ಇದನ್ನು ತಿರುಗಿಸಿ ಓದಿಕೊಳ್ಳಲಿ.) ತಳ ಕಪ್ಪಗಿದ್ದರೆ, ದಡದಲ್ಲಿ ಕಲ್ಲು ಪೇರಿಸಿದ್ದರೆ ಇನ್ನೂ ಒಳ್ಳೆಯದು, ಬಿಸಿ ಹಿಡಿದುಕೊಳ್ಳುತ್ತವೆ. ಅದಕ್ಕೇ ಈ ದಿನಗಳಲ್ಲಿ ನಾನು ನಸುಕಿಗೆ ಏಳುವುದಿಲ್ಲ. ಮೀನು ಹಿಡಿಯುವವರು ಕತ್ತಲಲ್ಲೇ ಹೊರಡಬೇಕು ಅನ್ನುವ ನಂಬಿಕೆ ಬೇಸಿಗೆಗೆ ಸರಿ. ವಸಂತದ ಶುರುವಿನಲ್ಲಿ ಮಧ್ಯಾಹ್ನ ಎರಡರ ಮೇಲೆ ಸಿಗುವಷ್ಟು ಮೀನು ಬೆಳಿಗ್ಗೆ ಸಿಗುವುದಿಲ್ಲ.

ಇನ್ನು ಜಾಗ. ಇದನ್ನೇ ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲು ಮೀನು ಕೊನೆಗೆ ಎಲ್ಲಿ ಮೊಟ್ಟೆ ಇಡುತ್ತದೆ ಅನ್ನುವುದನ್ನು ಊಹಿಸಿ. ಗಾಳಿ ತಾಗದ ಒಳಕೊಲ್ಲಿ, ಎರಡರಿಂದ ಐದಾರು ಅಡಿ ನೀರು, ಕೆಳಗೆ ಗಟ್ಟಿ ಮರಳೋ ಜಲ್ಲಿಯೋ ಇರಬೇಕು. ಮೆತ್ತನೆ ಕೆಸರು ಅದಕ್ಕೆ ಆಗದು, ಮೊಟ್ಟೆ ಹೂತು ಹೋಗುತ್ತದೆ. ಆ ಜಾಗ ಸಿಕ್ಕ ಮೇಲೆ ಅಲ್ಲಿ ಗಾಳ ಹಾಕಬೇಡಿ. ಅಲ್ಲಿಂದ ಆಳದ ಕಡೆಗೆ ಹಿಂದಕ್ಕೆ ಬನ್ನಿ. ಆಳದ ನಕ್ಷೆ ಕೈಯಲ್ಲಿದ್ದರೆ ಬೆರಳಿಟ್ಟೇ ಬರಬಹುದು. ತಳ ಮೊದಲ ಸಲ ಥಟ್ಟನೆ ಇಳಿಯುವ ಅಂಚು ಒಂದು ಸಿಗುತ್ತದೆ. ಕೊಲ್ಲಿಯ ಬಾಯಲ್ಲಿ ನೀರಿಗೆ ಚಾಚಿದ ನೆಲದ ಮೂಗು ಇರುತ್ತದೆ. ಅಣೆಕಟ್ಟಿನ ನೀರಾದರೆ ಮುಳುಗಿದ ಹಳೆ ತೊರೆಯ ತಿರುವುಗಳು ಇರುತ್ತವೆ. ಆರರಿಂದ ಹದಿನೈದು ಅಡಿ ಆಳದ ಇಂಥ ಜಾಗಗಳಲ್ಲೇ ಮೀನು ತಂಗುತ್ತದೆ. ರೈಲಿಗೆ ಕಾಯುವ ಜನ ಪ್ಲಾಟ್‌ಫಾರಂನಲ್ಲಿ ಗುಂಪಾಗಿ ನಿಂತ ಹಾಗೆ, ನೀರು ಹದವಾಗುವವರೆಗೆ ಅಲ್ಲೇ ಕಾಯುತ್ತದೆ. ಆದ್ದರಿಂದ ಒಂದು ಕಚ್ಚಿದರೆ ಜಾಗ ಬಿಡಬೇಡಿ. ಪಕ್ಕದಲ್ಲೇ ಇನ್ನೊಂದು ಇರುತ್ತದೆ.

ಜೊಂಡು, ಪಾಚಿ ಇರುವ ಕೆರೆಯಲ್ಲಿ ಚಳಿಗಾಲ ಕಳೆದೂ ಹಸಿರಾಗಿ ಉಳಿದ ಗಿಡ ಹುಡುಕಿ. ಗಾಳಕ್ಕೆ ಸಿಕ್ಕಿ ಬಂದ ಎಲೆ ಗರಿಗರಿಯಾಗಿ ಹಸಿರಿದ್ದರೆ ನಿಲ್ಲಿ. ಕಂದು ಬಣ್ಣಕ್ಕೆ ತಿರುಗಿ ಲೋಳೆಯಾಗಿದ್ದರೆ ಮುಂದೆ ನಡೆಯಿರಿ. ಕೊಳೆಯುವ ಗಿಡ ನೀರಿನ ಆಮ್ಲಜನಕ ತಿನ್ನುತ್ತದೆ, ಅಲ್ಲಿ ಮೀನು ನಿಲ್ಲುವುದಿಲ್ಲ.

ಎರೆಯ ವಿಷಯಕ್ಕೆ ಬಂದರೆ ಎಲ್ಲರೂ ನನ್ನನ್ನು ಕೇಳುವುದು ಬಣ್ಣ. ಸಿಗಡಿಯಂತಹ ಕ್ರೇಫಿಶ್‌ನ ಕೆಂಪು ಕಂದು ಬಣ್ಣ ಈ ಕಾಲಕ್ಕೆ ಚೆನ್ನ, ಅಷ್ಟು ಹೇಳಿ ಮುಗಿಸುತ್ತೇನೆ. ವೇಗದ ಬಗ್ಗೆ ಯಾರೂ ಕೇಳುವುದಿಲ್ಲ, ಆದರೆ ಕೆಲಸ ಮಾಡುವುದು ಅದೇ. ನೀರು 10 ಡಿಗ್ರಿಯ ಹತ್ತಿರ ಇರುವಾಗ ಜರ್ಕ್‌ಬೈಟ್ (ಜಗ್ಗಿ ಆಡಿಸುವ, ಮೀನಿನ ಆಕಾರದ ಕೃತಕ ಎರೆ) ಎಸೆದು, ಎರಡು ಸಲ ಜಗ್ಗಿ, ಸುಮ್ನೆ ಬಿಡಿ. ಹತ್ತು ಎಣಿಸುವವರೆಗೂ ಕೈ ಅಲ್ಲಾಡಿಸಬೇಡಿ. ಅದು ನೀರಿನ ನಡುವೆ ತೂಗುತ್ತಾ ನಿಂತಿರುವಾಗಲೇ ಮೀನು ಕಚ್ಚುತ್ತದೆ. ಬಹಳ ಜನರಿಗೆ ಈ ತಾಳ್ಮೆ ಇಲ್ಲ. ನೀರು 12 ದಾಟಿತೆಂದರೆ ಲಿಪ್‌ಲೆಸ್ ಕ್ರ್ಯಾಂಕ್‌ಬೈಟ್ ಅನ್ನುವ, ಎಳೆದರೆ ನಡುಗುತ್ತಾ ಬರುವ ಕೃತಕ ಎರೆ ತೆಗೆಯುತ್ತೇನೆ. ಅದನ್ನು ಮುಳುಗಿದ ಗಿಡಗಳ ತಲೆಗೆ ತಾಗುವಂತೆ ಎಳೆಯಬೇಕು, ಸಿಕ್ಕಿಕೊಂಡಾಗ ಕೋಲನ್ನು ಜೋರಾಗಿ ಎತ್ತಿ ಕಿತ್ತುಕೊಳ್ಳಬೇಕು. ಕಿತ್ತು ಬಂದು ಮತ್ತೆ ಬೀಳುವ ಆ ಗಳಿಗೆಯಲ್ಲಿ ಹೊಡೆತ ಬೀಳುತ್ತದೆ. ಕಲ್ಲಿನ ಜಾಗಕ್ಕೆ ಜಿಗ್ (ತೂಕದ ತಲೆಯ ಗಾಳ), ಗಾಳಿ ಎದ್ದು ನೀರು ಕದಡಿದ ದಿನಕ್ಕೆ ಸ್ಪಿನ್ನರ್‌ಬೈಟ್ (ತಿರುಗುವ ಲೋಹದ ಎಲೆ ಇರುವ ಎರೆ). ಉಳಿದದ್ದೆಲ್ಲ ಪೆಟ್ಟಿಗೆ ತುಂಬಿಸಲು.

ನಾಲ್ಕು ದಿನ ಬಿಸಿಲು ಕಾದು, ಐದನೇ ದಿನ ಶೀತಗಾಳಿ ಬೀಸಿತು ಅನ್ನಿ. ಮರುದಿನ ಆಕಾಶ ತಿಳಿಯಾಗಿರುತ್ತದೆ, ನೋಡಲು ಚೆಂದ, ಮೀನು ಮಾತ್ರ ಮುನಿಸಿಕೊಂಡಿರುತ್ತದೆ. ಅದು ಚಳಿಗಾಲದ ಜಾಗಕ್ಕೇ ವಾಪಸ್ ಹೋಯಿತು ಅಂತ ಜನ ಕೆರೆಯ ನಡುವಿಗೆ ದೋಣಿ ಓಡಿಸುತ್ತಾರೆ. ಅಷ್ಟು ದೂರ ಅದು ಹೋಗಿರುವುದಿಲ್ಲ. ಹಿಂದಿನ ದಿನ ಸಿಕ್ಕ ಅಂಚಿನಿಂದ ಒಂದು ಮೆಟ್ಟಿಲು ಕೆಳಗೆ ಇಳಿದು, ಮರದ ದಿಮ್ಮಿಗೋ ಗಿಡದ ಬುಡಕ್ಕೋ ಒತ್ತಿಕೊಂಡಿರುತ್ತದೆ. ಎರೆ ಸಣ್ಣದು ಮಾಡಿ, ಇನ್ನೂ ನಿಧಾನ ಮಾಡಿ. ಮೀನು ಬರುವುದು ಹುಣ್ಣಿಮೆಗೆ ಅಂತ ಲೆಕ್ಕ ಹಾಕುವ ಗೆಳತಿಯೊಬ್ಬಳು ನನಗಿದ್ದಾಳೆ. ಅವಳ ಜೊತೆ ವಾದ ಮಾಡುವುದಿಲ್ಲ, ಹುಣ್ಣಿಮೆಯ ದಿನವೂ ಥರ್ಮಾಮೀಟರ್ ಇಳಿಸುತ್ತೇನೆ.

ದೊಡ್ಡ ಬಾಸ್ ಬೇಕಾದರೆ ವಸಂತವೊಂದೇ ದಾರಿ ಅಂತಲೂ ಲೇಖನ ಹೇಳುತ್ತದೆ. ಅದೂ ಅತಿಯಾಯಿತು. ಲಾರ್ಜ್‌ಮೌತ್ ತೂಕದ ವಿಶ್ವದಾಖಲೆ ಹಂಚಿಕೊಂಡಿರುವ ಎರಡು ಮೀನುಗಳೂ ಬೇಸಿಗೆಯವು. ಜಾರ್ಜ್ ಪೆರಿ 1932ರ ಜೂನ್‌ನಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಹಿಡಿದದ್ದು, ಮನಾಬು ಕುರಿತಾ 2009ರ ಜುಲೈನಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಹಿಡಿದದ್ದು. ಎರಡೂ 10 ಕಿಲೋಗಿಂತ ಸ್ವಲ್ಪ ಹೆಚ್ಚು. ಅಂಥದ್ದು ಸಿಗುವುದು ಅದೃಷ್ಟ. ಒಂದೇ ಮಧ್ಯಾಹ್ನ ಒಳ್ಳೆಯ ತೂಕದ ಹಲವು ಮೀನು ಸಿಗಬೇಕಾದರೆ ಮಾತ್ರ ನಾನು ಹೇಳಿದ ಕಾಲವೇ ಬೇಕು.

ಇನ್ನು ಗೂಡಿನ ಮಾತು. ಬಾಲ ಬಡಿದು ಗೂಡು ಮಾಡುವುದು ಗಂಡು. ಹೆಣ್ಣು ಮೊಟ್ಟೆ ಇಟ್ಟು ಹೊರಟು ಹೋಗುತ್ತದೆ. ಮೊಟ್ಟೆ ಒಡೆಯಲು ಕೆಲವು ದಿನ ಬೇಕು, ಮರಿಗಳು ಚದುರುವವರೆಗೂ ಕಾವಲು ಗಂಡಿನದ್ದೇ. ಅದು ಎರೆಗೆ ಬಾಯಿ ಹಾಕುವುದು ಹಸಿವಿಗಲ್ಲ, ಎರೆಯನ್ನು ಓಡಿಸಲು. ಅದನ್ನು ಮೇಲೆತ್ತಿ ಫೋಟೊ ತೆಗೆಯುವಷ್ಟರಲ್ಲಿ ಸುತ್ತ ಕಾಯುತ್ತಿದ್ದ ಬ್ಲೂಗಿಲ್ ಅನ್ನುವ ಸಣ್ಣ ಮೀನುಗಳು ಮೊಟ್ಟೆಗೆ ಮುತ್ತುತ್ತವೆ. ಹಾಗೆ ಹಿಡಿಯುವುದರಲ್ಲಿ ಏನು ಜಾಣತನ ಇದೆ ಅಂತ ನನಗೆ ಗೊತ್ತಾಗಿಲ್ಲ. ಕೆನಡಾದ ಒಂಟಾರಿಯೊದ ದಕ್ಷಿಣ ಭಾಗದ ಬಹಳಷ್ಟು ನೀರಿನಲ್ಲಿ ಜೂನ್‌ವರೆಗೆ ಬಾಸ್ ಹಿಡಿಯುವುದೇ ಕಾನೂನಿಗೆ ವಿರುದ್ಧ. ಅಲ್ಲಿ ಕೆಲವು ಕಡೆ ಮೊಟ್ಟೆಗೆ ಮುಂಚಿನ ಮೀನಿಗೂ ಅದೇ ನಿಯಮ. ಹಾಗಾಗಿ ಹೊರಡುವ ಮುಂಚೆ ನಿಮ್ಮ ಕೆರೆಯ ನಿಯಮ ನೋಡಿಕೊಳ್ಳಿ. ನಿಯಮ ಬಿಟ್ಟರೂ, ಈ ಕಾಲದ ಹೆಣ್ಣಿನ ಹೊಟ್ಟೆ ತುಂಬಾ ಮೊಟ್ಟೆ. ಕೈ ಒದ್ದೆ ಮಾಡಿಕೊಂಡು ಮುಟ್ಟಿ. ಕೆಳದವಡೆಯೊಂದರಲ್ಲೇ ಅದರ ಇಡೀ ಭಾರ ನೇತಾಡಿಸಬೇಡಿ, ಇನ್ನೊಂದು ಕೈ ಹೊಟ್ಟೆಯ ಕೆಳಗೆ ಕೊಡಿ. ಬೇಗ ನೀರಿಗೆ ಬಿಡಿ.

ಮುಂದಿನ ವರ್ಷ ಇಂಥ ಲೇಖನ ಹಾಕುವಾಗ ತಿಂಗಳ ಜೊತೆಗೆ ನೀರಿನ ಡಿಗ್ರಿಯನ್ನೂ ಹಾಕಿ. ಗೂಡಿನ ಮೇಲೆ ನಿಂತ ಮೀನಿನ ಆ ದೊಡ್ಡ ಚಿತ್ರದ ಜಾಗದಲ್ಲಿ ಯಾವುದಾದರೂ ಕೆರೆಯ ಆಳದ ನಕ್ಷೆ ಅಚ್ಚು ಹಾಕಿದರೆ ಓದುಗರಿಗೆ ಜಾಸ್ತಿ ಉಪಯೋಗ ಅಲ್ವಾ?

ಇಂತಿ,
ನಿಮ್ಮ ಓದುಗರಲ್ಲೊಬ್ಬಳು