ಕಾವಲು ಸಿಬ್ಬಂದಿಗೆ ಪ್ರಥಮ ಚಿಕಿತ್ಸೆ ಕಲಿಸಿ

ಕಾರ್ಖಾನೆಗಳಲ್ಲಿ ಯಾರಾದರೂ ಕುಸಿದು ಬಿದ್ದರೆ ಮೊದಲು ಓಡಿ ಬರುವ ಸೆಕ್ಯುರಿಟಿ ಸಿಬ್ಬಂದಿಗೆ ಎಷ್ಟೋ ಕಡೆ ಪ್ರಥಮ ಚಿಕಿತ್ಸೆಯೇ ತಿಳಿದಿಲ್ಲ. ಕಳೆದ ತಿಂಗಳು ನಮ್ಮಲ್ಲಿ ಸಹೋದ್ಯೋಗಿಯೊಬ್ಬರು ಎದೆ ಹಿಡಿದುಕೊಂಡು ಬಿದ್ದಾಗ, ಗೇಟಿನ ಕಾವಲುಗಾರರು ನೀರಿನ ಬಾಟಲಿ ಹಿಡಿದು ಓಡಿ ಬಂದರು. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬಾರದೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತಪ್ಪು ಖಂಡಿತ ಅವರದಲ್ಲ. 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಕಡ್ಡಾಯವಾಗಿರುವ ಪ್ರಥಮ ಚಿಕಿತ್ಸಾ ಪೆಟ್ಟಿಗೆಗೆ ಅಂದು ಬೀಗ ಬಿದ್ದಿತ್ತು! ಹೃದಯ ಸ್ತಬ್ಧವಾದಾಗ ಒಂದೊಂದು ನಿಮಿಷವೂ ಅಮೂಲ್ಯ. ಆಂಬುಲೆನ್ಸ್ ಬರುವವರೆಗೆ ನಿಮಿಷಕ್ಕೆ 100ರಿಂದ 120 ಬಾರಿ ಎದೆ ಒತ್ತಿದರೆ ಜೀವ ಉಳಿಯಬಹುದು. ಇದನ್ನು ಯಾರು ಬೇಕಾದರೂ ಕಲಿಯಬಹುದು. ಭದ್ರತಾ ಏಜೆನ್ಸಿಗಳ ಪರವಾನಗಿ ನವೀಕರಿಸುವಾಗ ಸಿಬ್ಬಂದಿಯ ಪ್ರಥಮ ಚಿಕಿತ್ಸಾ ತರಬೇತಿಯ ಪ್ರಮಾಣಪತ್ರವನ್ನು ಸರ್ಕಾರ ಕಡ್ಡಾಯವಾಗಿ ಪರಿಶೀಲಿಸಲಿ.

– ಓರ್ವ ಕಾರ್ಮಿಕ, ಪೀಣ್ಯ, ಬೆಂಗಳೂರು