ಫುಟ್‌ಬಾಲ್ ಪೇಟೆಯಲ್ಲಿ, ನಿಷೇಧ ನನ್ನ ಅಡಿಕೆ ತೋಟದ ಮೇಲೆ: ಸಹಿ ಹಾಕಿದವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ನಿಮ್ಮ ಹೆಸರನ್ನಾಗಲಿ ಕಚೇರಿಯ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಡ್ರೋನ್ ಹಾರಿಸಬಾರದು ಎಂಬ ಆದೇಶಕ್ಕೆ ಸಹಿ ಹಾಕಿದವರು ನೀವು. ಓದಿದರೆ ನಿಮಗೇ ಗೊತ್ತಾಗುತ್ತದೆ.

ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದವನು. ಎರಡೂವರೆ ಎಕರೆ ಅಡಿಕೆ ತೋಟ ಇದೆ. ಮೂರು ವರ್ಷದಿಂದ ಅಡಿಕೆಗೆ ಮದ್ದು ಬಿಡುವ ಡ್ರೋನಿನ ಪೈಲಟ್ ಕೂಡ ಹೌದು. ಪೈಲಟ್ ಅಂದರೆ ನಮ್ಮ ಕಡೆ ನಗುತ್ತಾರೆ, ನಗಲಿ. ಸರ್ಟಿಫಿಕೇಟ್ ಇದೆ, ಹತ್ತು ವರ್ಷಕ್ಕೆ ಕೊಟ್ಟದ್ದು. ಡ್ರೋನಿಗೆ ನೋಂದಣಿ ನಂಬರ್ ಇದೆ, ವಿಮೆ ಇದೆ. ಸೊಸೈಟಿಯಲ್ಲಿ ಸಾಲವೂ ಇದೆ. ಅದು ನನಗೆ ಮರೆತರೂ ಅವರು ಮರೆಯುವುದಿಲ್ಲ.

ಮೊದಲನೇ ವರ್ಷ ಯಾರೋ ದೊಡ್ಡವರು ಬಂದರು. ಒಂದು ವಾರ ಹಾರಿಸಬೇಡಿ ಎಂದಿರಿ. ಹಾರಿಸಲಿಲ್ಲ. ಎರಡನೇ ವರ್ಷ ಎಂಥದೋ ಸಮಾವೇಶ. ಆಗಲೂ ಸುಮ್ನೆ ಕೂತೆ. ಈ ವರ್ಷ ಪೇಟೆಯ ಮೈದಾನದಲ್ಲಿ ಹೊನಲು ಬೆಳಕಿನ ಸೆವೆನ್ಸ್ ಫುಟ್‌ಬಾಲ್, ತಂಡಕ್ಕೆ ಏಳೇ ಜನರ ಆಟ. ಮೇ ತಿಂಗಳಲ್ಲಿ 23 ದಿನ. ಆಟ ಶುರುವಾಗುವುದು ರಾತ್ರಿ 8 ಗಂಟೆಗೆ, ಒಂದೇ ಒಂದು ಮೈದಾನದಲ್ಲಿ. ಡ್ರೋನ್ ನಿಷೇಧ ಇಡೀ ಜಿಲ್ಲೆಗೆ, ಹಗಲು ರಾತ್ರಿ. ಮೈದಾನದಿಂದ ನನ್ನ ತೋಟಕ್ಕೆ ರಸ್ತೆಯಲ್ಲಿ 20 ಕಿಲೋಮೀಟರಿಗಿಂತ ಜಾಸ್ತಿ, ಮಧ್ಯೆ ಗುಡ್ಡಗಳು ಬೇರೆ. ಫುಟ್‌ಬಾಲ್ ಮೇಲೆ ನನಗೆ ಸಿಟ್ಟಿಲ್ಲ. ಸೆವೆನ್ಸ್ ಅಂದರೆ ನಿದ್ದೆಗೆಟ್ಟು ನೋಡಿದವನೇ ನಾನು.

ನಿಯಮ ನಿಮಗೆ ಗೊತ್ತಿದೆ, ನಾನು ಹೇಳಿಕೊಡಬೇಕಾಗಿಲ್ಲ. 2021ರ ಡ್ರೋನ್ ನಿಯಮಗಳಲ್ಲಿ ತಾತ್ಕಾಲಿಕ ಕೆಂಪು ವಲಯ ಅಂತ ಒಂದಿದೆ, ಅಂದರೆ ಸ್ವಲ್ಪ ದಿನಕ್ಕೆ ಡ್ರೋನ್ ಹಾರಿಸಬಾರದ ಜಾಗ. ಎಸ್‌ಪಿ ದರ್ಜೆಗಿಂತ ಕೆಳಗಿನವರು ಅದನ್ನು ಘೋಷಿಸುವ ಹಾಗಿಲ್ಲ. ಒಂದು ಸಲಕ್ಕೆ 96 ಗಂಟೆ ಮೀರಬಾರದು. ವಿಪರೀತ ದೊಡ್ಡ ಜಾಗಕ್ಕೆ ಹಾಕಬಾರದು. ಹಾಕಿದರೆ ಡಿಜಿಟಲ್ ಸ್ಕೈ ಅನ್ನುವ ಸರ್ಕಾರಿ ಆನ್‌ಲೈನ್ ಡ್ರೋನ್ ನಕ್ಷೆಯಲ್ಲಿ ತೋರಿಸಬೇಕು. 96 ಗಂಟೆ ಅಂದರೆ ನಮ್ಮ ಲೆಕ್ಕದಲ್ಲಿ ನಾಲ್ಕು ದಿನ. ನಿಮ್ಮ ಆದೇಶದಲ್ಲಿ 23. ನಾನು ಪ್ರತಿ ದಿನ ಹಾರಿಸುವ ಮುಂಚೆ ನಕ್ಷೆ ನೋಡುತ್ತೇನೆ. ಅವತ್ತೂ ನೋಡಿದೆ. ಪೆರ್ಲ ಹಸಿರು, ಬದಿಯಡ್ಕ ಹಸಿರು. ಹಸಿರು ವಲಯದಲ್ಲಿ 400 ಅಡಿವರೆಗೆ ಅನುಮತಿ ಕೇಳಬೇಕಾಗಿಲ್ಲ. ನನ್ನ ಡ್ರೋನ್ ಅಡಿಕೆ ಮರದ ತಲೆಯಿಂದ ಆರೇಳು ಅಡಿ ಮೇಲೆ ಹಾರುವಂಥದ್ದು. ಪಕ್ಕದ ತೋಟದವರಿಗೆ ಸದ್ದು ಕೇಳುತ್ತದೆ, ಡ್ರೋನ್ ಕಾಣುವುದಿಲ್ಲ.

ಇನ್ನು ಅವತ್ತಿನ ಕಥೆ. ಮೇ ಕೊನೆಯ ವಾರ. ಮಳೆ ಹಿಡಿಯುವ ಮುಂಚೆ ಮೊದಲ ಮದ್ದು ಬಿಡದಿದ್ದರೆ ಕೊಳೆರೋಗ ಗ್ಯಾರಂಟಿ. ಬೆಳಿಗ್ಗೆ ಗಾಳಿ ಏಳುವ ಮುಂಚೆ ಮುಗಿಸಬೇಕು ಅಂತ ಐದು ಗಂಟೆಗೆ ಎದ್ದು ಬೋರ್ಡೋ ಮದ್ದು ಕಲಸಿದೆ. 200 ಲೀಟರಿನ ಡ್ರಮ್, 2 ಕೆಜಿ ಮೈಲುತುತ್ತು, 2 ಕೆಜಿ ಸುಣ್ಣ. ಕತ್ತಿಯ ತುದಿ ಅದ್ದಿ ನೋಡಿದೆ, ಕೆಂಪು ಹಿಡಿಯಲಿಲ್ಲ. ಸುಣ್ಣ ಸರಿಯಾಗಿದೆ ಅಂತ ಅರ್ಥ. ಹೆಂಡತಿಯ ಹಳೆ ಸೀರೆಯಲ್ಲಿ ಎರಡು ಸಲ ಸೋಸಿದೆ, ಇಲ್ಲದಿದ್ದರೆ ನಾಜಲ್ ಕಟ್ಟುತ್ತದೆ. ನಾಲ್ಕನೇ ಟ್ಯಾಂಕ್ ಅರ್ಧ ಆಗಿತ್ತು ಅಷ್ಟೆ, ಅಂಗಳಕ್ಕೆ ಜೀಪು ಬಂತು.

ಇಬ್ಬರು ಇಳಿದರು. ನಾನು ಡ್ರೋನ್ ಇಳಿಸಿ, ಫೋನಿನಲ್ಲಿ ನಕ್ಷೆ ತೋರಿಸಿದೆ. ನೋಡಿ ಸರ್, ಹಸಿರು. ಅವರಲ್ಲಿ ಒಬ್ಬರು ಫೋನ್ ಹಿಡಿದು ಆಚೆ ಈಚೆ ತಿರುಗಿಸಿ ನೋಡಿ, "ಇದೇನು, ಗೇಮಾ?" ಎಂದರು. ಆಮೇಲೆ ಅವರ ವಾಟ್ಸಾಪಿನಲ್ಲಿದ್ದ ಆದೇಶ ತೋರಿಸಿದರು. ಪೂರ್ತಿ ಮಲಯಾಳದಲ್ಲಿ. ನಾನು ಕನ್ನಡ ಮೀಡಿಯಂನಲ್ಲಿ ಓದಿದವನು. ಮಾತಾಡಲು ಬರುತ್ತದೆ, ಓದಬೇಕಾದರೆ ಒಂದೊಂದೇ ಅಕ್ಷರ ಕೂಡಿಸಬೇಕು. ಪಕ್ಕದ ಮನೆಯ ಹುಡುಗನನ್ನು ಕರೆದು ಓದಿಸಿಕೊಂಡೆ. ನಮ್ಮದು ಭಾಷಾ ಅಲ್ಪಸಂಖ್ಯಾತ ಪ್ರದೇಶ. ಇಲ್ಲಿ ಕನ್ನಡದಲ್ಲೂ ನೋಟೀಸು ಕೊಡಬೇಕು ಅನ್ನುವುದು ಹೊಸ ವಿಷಯ ಅಲ್ಲ. ಅದನ್ನು ಇವತ್ತು ಎತ್ತಿದರೆ ಈ ಪತ್ರ ಮುಗಿಯುವುದಿಲ್ಲ, ಬಿಡಿ.

ಟ್ಯಾಂಕಿನಲ್ಲಿ ಮದ್ದು ಇದೆ, ಖಾಲಿ ಮಾಡಿ ಕೊಡುತ್ತೇನೆ ಎಂದೆ. ಕೇಳಲಿಲ್ಲ. ಹಾಗೇ ಎತ್ತಿ ಜೀಪಿನ ಹಿಂದಿನ ಸೀಟಿಗೆ ಹಾಕಿದರು. ಮೊದಲ ತಿರುವಿಗೇ ಮದ್ದು ಚೆಲ್ಲಿ ಸೀಟು ನೀಲಿ ಆಯಿತಂತೆ. ಅದಕ್ಕೂ ನನಗೇ ಬೈಗುಳ.

ಒಂಬತ್ತು ದಿನ ಡ್ರೋನ್ ಠಾಣೆಯ ಜಗಲಿಯಲ್ಲಿತ್ತು, ಮಧ್ಯಾಹ್ನದ ಬಿಸಿಲು ನೇರ ಬೀಳುವ ಕಡೆ. ಬ್ಯಾಟರಿ ಆದರೂ ತೆಗೆದು ನೆರಳಿಗೆ ಇಡಿ ಅಂತ ಎರಡು ಸಲ ಹೋಗಿ ಕೈಮುಗಿದೆ. ವಾಪಸ್ ಸಿಕ್ಕಾಗ ಎರಡೂ ಬ್ಯಾಟರಿ ಪೂರಿ ಹಾಗೆ ಉಬ್ಬಿದ್ದವು. ಎರಡಕ್ಕೆ 50 ಸಾವಿರದ ಹತ್ತಿರ. ಅವತ್ತಿನ ಡ್ರಮ್ಮಿನ ಮದ್ದು ಅವತ್ತೇ ಹೋಯಿತು, ಬೋರ್ಡೋ ಮರುದಿನಕ್ಕೆ ಆಗುವುದಿಲ್ಲ. ಏಳು ತೋಟದವರಿಗೆ ಮಾತು ಕೊಟ್ಟಿದ್ದೆ. ಅಷ್ಟರಲ್ಲಿ ಮಳೆ ಹಿಡಿಯಿತು. ಅವರಲ್ಲಿ ಒಬ್ಬರು ಈಗ ಎದುರು ಸಿಕ್ಕಿದರೆ ಮಾತಾಡುವುದಿಲ್ಲ. ಅವರ ತೋಟದಲ್ಲಿ ಮರದ ಬುಡಕ್ಕೆ ಹಸಿ ಅಡಿಕೆ ಉದುರಿ ಬಿದ್ದದ್ದನ್ನು ನಾನೇ ನೋಡಿ ಬಂದಿದ್ದೇನೆ. ಅವರು ಮಾತಾಡದ್ದು ಸರಿಯೇ.

ಮರ ಹತ್ತಿ ಮದ್ದು ಬಿಡುವವರನ್ನು ಕರೆಯಬಹುದಿತ್ತಲ್ಲ ಅಂತ ನಿಮ್ಮ ಕಚೇರಿಯಲ್ಲಿ ಒಬ್ಬರು ಕೇಳಿದರು. ಎಲ್ಲಿದ್ದಾರೆ, ಸರ್? ನಮ್ಮ ತೋಟಕ್ಕೆ ಬರುತ್ತಿದ್ದವರು ಮರದಿಂದ ಬಿದ್ದು ನಾಲ್ಕು ವರ್ಷ ಆಯಿತು. ಈಗಲೂ ಕೋಲು ಹಿಡಿದೇ ನಡೆಯುವುದು. ನಾನು ಸಾಲ ಮಾಡಿ ಡ್ರೋನ್ ತೆಗೆದದ್ದು ಅದಾದ ಮೇಲೆ.

ಈಗ ನನಗೆ ನಿಜವಾಗಿ ಉರಿದದ್ದು ಹೇಳುತ್ತೇನೆ. ಡ್ರೋನ್ ಹೋದ ದಿನವೇ ರಾತ್ರಿ ಸೆಮಿಫೈನಲ್. ಮರುದಿನ ಬೆಳಿಗ್ಗೆ ಎಲ್ಲರ ಸ್ಟೇಟಸ್ಸಿನಲ್ಲಿ ಒಂದೇ ವಿಡಿಯೋ. ಗ್ಯಾಲರಿಯ ಮೇಲಿಂದ, ಸಾವಿರಾರು ಜನರ ತಲೆಯ ಮೇಲಿಂದ ತೇಲಿಕೊಂಡು ಬಂದು ಗೋಲ್ ಪೋಸ್ಟಿನ ಹತ್ತಿರ ಇಳಿಯುತ್ತದೆ. ಅದನ್ನು ಯಾರೂ ತೆಂಗಿನ ಮರ ಹತ್ತಿ ತೆಗೆದದ್ದಲ್ಲ, ಅಲ್ವಾ? ಕೇಳಿದ್ದಕ್ಕೆ, ಆಯೋಜಕರ ಡ್ರೋನಿಗೆ ವಿಶೇಷ ಅನುಮತಿ ಇತ್ತು ಎಂದರು. ಅಂದರೆ ಮೈದಾನದಲ್ಲಿ, ಜನರ ತಲೆಯ ಮೇಲೆ ಹಾರಿದರೆ ಭದ್ರತೆಗೆ ತೊಂದರೆ ಇಲ್ಲ. 20 ಕಿಲೋಮೀಟರ್ ಆಚೆ ಅಡಿಕೆ ಮರದ ತಲೆಯ ಮೇಲೆ ಹಾರಿದರೆ ತೊಂದರೆ. ಇಷ್ಟು ಸೂಕ್ಷ್ಮ ವಿಚಾರ ನನ್ನ ತಲೆಗೆ ಹೋಗುತ್ತಿಲ್ಲ, ಕ್ಷಮಿಸಿ.

ನಾನು ಕೇಳುವುದು ಇಷ್ಟೇ. ನಿಷೇಧ ಹಾಕಿ, ಬೇಡ ಅನ್ನುವುದಿಲ್ಲ. ಮೈದಾನದ ಸುತ್ತ ಹಾಕಿ. ಆಟದ ಹೊತ್ತಿಗೆ ಹಾಕಿ. ನಕ್ಷೆಯಲ್ಲಿ ಹಾಕಿ.

ಅಮೆರಿಕದಲ್ಲಿ 30,000 ಜನ ಹಿಡಿಸುವ ಸ್ಟೇಡಿಯಂನಲ್ಲಿ ದೊಡ್ಡ ಲೀಗ್ ಪಂದ್ಯ ಇದ್ದರೂ ಆಕಾಶ ಮುಚ್ಚುವುದು ಸುತ್ತ 3 ನಾಟಿಕಲ್ ಮೈಲಿಗೆ. ನಮ್ಮ ಲೆಕ್ಕದಲ್ಲಿ ಐದೂವರೆ ಕಿಲೋಮೀಟರ್. ಪಂದ್ಯಕ್ಕೆ ಒಂದು ಗಂಟೆ ಮುಂಚೆ ಶುರು, ಮುಗಿದು ಒಂದು ಗಂಟೆಗೆ ತೆರವು. ಅಲ್ಲಿ ವಿಮಾನ ಓಡಿಸುವವರೇ ಇದಕ್ಕೂ ಗೊಣಗುತ್ತಾರೆ. ನಮ್ಮ ಸೆವೆನ್ಸಿಗೆ ಇಡೀ ಜಿಲ್ಲೆ ಬೇಕಾಯಿತು.

ಇನ್ನೊಂದು ಮಾತು ಹೇಳದಿದ್ದರೆ ಊಟ ಸೇರುವುದಿಲ್ಲ. ನಾನು ಎಣ್ಮಕಜೆ ಪಂಚಾಯತಿನಲ್ಲಿ ಹುಟ್ಟಿ ಬೆಳೆದವನು. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಸರ್ಕಾರಿ ಗೇರು ತೋಟಗಳಿಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದರು. ಶಾಲೆಯಿಂದ ಓಡಿ ಬಂದು ಕೈಬೀಸಿದ ಮಕ್ಕಳಲ್ಲಿ ನಾನೂ ಒಬ್ಬ. ಆಮೇಲೆ ಏನಾಯಿತು ಅಂತ ಲೋಕಕ್ಕೇ ಗೊತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧ ಹಾಕುವಾಗ ನಮ್ಮ ಕಡೆ ಮನೆಮನೆಯಲ್ಲಿ ಹಾಸಿಗೆ ಹಿಡಿದವರಿದ್ದರು. ಅಷ್ಟು ವರ್ಷ ನಮ್ಮ ಬಾವಿಯ ಮೇಲೆ, ನಮ್ಮ ತಲೆಯ ಮೇಲೆ ಹಾರಿದ ಹೆಲಿಕಾಪ್ಟರನ್ನು ನಿಲ್ಲಿಸಲು ಒಂದು ಜೀಪೂ ಬರಲಿಲ್ಲ. ಮೈಲುತುತ್ತು ಸುಣ್ಣ ಹೊತ್ತ ನನ್ನ 10 ಲೀಟರಿನ ಡ್ರೋನಿಗೆ ಬಂತು.

ಹಾಗಾಗಿ ಮತ್ತೆ ಕೇಳುತ್ತೇನೆ. ಮೈದಾನದ ಸುತ್ತ ಮಾತ್ರ, ಆಟದ ಹೊತ್ತಿಗೆ ಮಾತ್ರ, ನಕ್ಷೆಯಲ್ಲಿ ಕಾಣುವ ಹಾಗೆ. ಆದೇಶ ಕನ್ನಡದಲ್ಲೂ ಇರಲಿ. ಬ್ಯಾಟರಿಯ ದುಡ್ಡು ಕೊಡುತ್ತೀರೋ ಇಲ್ಲವೋ, ಅದನ್ನಾದರೂ ಬರವಣಿಗೆಯಲ್ಲಿ ತಿಳಿಸಿ. ಅರ್ಜಿ ಕೊಟ್ಟು ತಿಂಗಳು ದಾಟಿತು. ನನ್ನ ಫೋನ್ ನಂಬರ್ ಠಾಣೆಯ ರಿಜಿಸ್ಟರಿನಲ್ಲಿ ಮೂರು ಕಡೆ ಇದೆ.

ಜುಲೈ ನಡುವಿಗೆ ಎರಡನೇ ಮದ್ದು. ಅದೇ ಹೊತ್ತಿಗೆ ಊರೂರಲ್ಲಿ ಕೆಸರುಗದ್ದೆ ಆಟಗಳು ಶುರುವಾಗುತ್ತವೆ. ಹಗ್ಗಜಗ್ಗಾಟಕ್ಕೂ ಆಕಾಶ ಮುಚ್ಚುವ ಯೋಚನೆ ಇದ್ದರೆ ಮೊದಲೇ ಹೇಳಿ. ನಾನಿನ್ನೂ ಮೈಲುತುತ್ತು ತಂದಿಲ್ಲ.

ಇತಿ,
ಪೆರ್ಲ ಕಡೆಯ ಒಬ್ಬ ಅಡಿಕೆ ಕೃಷಿಕ, ಲೈಸೆನ್ಸ್ ಇರುವ ಡ್ರೋನ್ ಪೈಲಟ್