ಸಾಂಬ್ರಾದ ಯುದ್ಧಕಾಲದ ನೆನಪು ಈಗಲೇ ಬರೆದಿಡಿ

ಸಂಪಾದಕರಿಗೆ ನಮಸ್ಕಾರ.

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ಹೊಸ ಟರ್ಮಿನಲ್‌ಗೆ 2024ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ ಆಯಿತು. ನಿಲ್ದಾಣಕ್ಕೆ ಕಿತ್ತೂರು ರಾಣಿ ಚನ್ನಮ್ಮನ ಹೆಸರಿಡಬೇಕು ಅಂತ ಕರ್ನಾಟಕ ವಿಧಾನಸಭೆ ಠರಾವು ಮಾಡಿದೆ. ಇಡಲಿ, ನನ್ನ ಆಸೆಯೂ ಅದೇ. ಅದರ ಜೊತೆಗೆ ಇನ್ನೊಂದು ಕೆಲಸ ಆಗಬೇಕು. ಅಲ್ಲಿನ ವಿಮಾನ ಮೈದಾನ ಯಾವಾಗ, ಯಾರ ಕೈಯಿಂದ ಆಯಿತು ಅನ್ನುವುದನ್ನು ಅಲ್ಲಿಗೆ ಬರುವವರಿಗೆ ತಿಳಿಸಬೇಕು.

ನಾನು ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ ತಾಲೂಕಿನವನು. ನಮ್ಮ ಬೀಗತನವೆಲ್ಲ ಬೆಳಗಾವಿ ಕಡೆಯೇ. ಅವ್ವನ ತವರು ಸಾಂಬ್ರಾ ಹತ್ತಿರದ ಸುಳೇಭಾವಿ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1942ರಲ್ಲಿ ಬ್ರಿಟಿಷ್ ವಾಯುಪಡೆ ಸಾಂಬ್ರಾದಲ್ಲಿ ಮೈದಾನ ಕಟ್ಟಿದಾಗ ಅವ್ವ ಸಣ್ಣ ಹುಡುಗಿ. ಆ ವರ್ಷದ ಏಪ್ರಿಲ್‌ನಲ್ಲಿ ಜಪಾನಿನವರು ವಿಶಾಖಪಟ್ಟಣ, ಕಾಕಿನಾಡದ ಮೇಲೆ ಬಾಂಬು ಹಾಕಿದ್ದರು. ಸೈನಿಕರಿಗೆ ತರಬೇತಿ ಕೊಡಲು, ಪೂರ್ವದ ಯುದ್ಧಕ್ಕೆ ಬೆಂಬಲವಾಗಿ ನಿಲ್ಲಲು ಒಳನಾಡಿನ ಮೈದಾನಗಳು ಬೇಕಾಗಿದ್ದವು. ಸುಳೇಭಾವಿಯ ಹೆಂಗಸರಿಗೆ ಇದೆಲ್ಲ ಯಾರು ಹೇಳಬೇಕು? ಖಡಿ ಹೊರುವ ಕೂಲಿ ಸಿಗುತ್ತದೆ ಅಂತ ಹೋದರು, ಅಷ್ಟೇ.

ನಮ್ಮ ಅಜ್ಜಿಯೂ ಹೋದಳು. ಬುಟ್ಟಿ ತುಂಬ ಖಡಿ, ತಲೆಯ ಮೇಲೆ ಸಿಂಬಿ, ಸೊಂಟದಲ್ಲಿ ಮೊಲೆ ಕುಡಿಯುವ ಕೂಸು. ಮಧ್ಯಾಹ್ನ ಅವ್ವ ರೊಟ್ಟಿ ಬುತ್ತಿ ತೆಗೆದುಕೊಂಡು ಹೋಗಿ, ಕೂಸನ್ನು ಎತ್ತಿಕೊಂಡು ಮರದ ನೆರಳಿಗೆ ಕೂರುತ್ತಿದ್ದಳಂತೆ. ಮೊದಲ ವಿಮಾನ ಇಳಿದ ದಿನ ಎತ್ತುಗಳು ಕಣ್ಣಿ ಹರಿದುಕೊಂಡು ಓಡಿದ್ದನ್ನು ಹೇಳುವಾಗ ಅವಳ ಕೈ ಈಗಲೂ ಹಾಗೇ ಮೇಲೇಳುತ್ತದೆ. ಆಮೇಲಾಮೇಲೆ ಅಜ್ಜಿಯ ಬೀಸುವ ಪದದಲ್ಲೂ ‘ಇಮಾನ’ ಬಂತು.

ಆ ಕಾಲದ ಒಂದು ಪೆಟ್ರೋಲ್ ಡಬ್ಬಿ ನಮ್ಮ ಮನೆಯಲ್ಲಿದೆ. ಚೌಕ ತಗಡಿನದು. ಮೇಲ್ಭಾಗ ಕತ್ತರಿಸಿ, ಅಂಚು ಒಳಗೆ ಮಡಚಿ, ಎರಡು ತೂತಿಗೆ ತಂತಿ ಹಾಕಿ ಹಿಡಿಕೆ ಮಾಡಿದ್ದಾರೆ. ಮಡಚಿದ ಮೂಲೆಗಳಲ್ಲಿ ತುಕ್ಕು ತಿಂದಿದೆ, ತಳ ಇನ್ನೂ ಗಟ್ಟಿಯಾಗಿದೆ. ಅಜ್ಜಿ ಅದರಲ್ಲಿ ಶೇಂಗಾ ಬೀಜ ಇಡುತ್ತಿದ್ದಳು. ಮದುವೆಯಾಗಿ ಬಂದಾಗ ಅವ್ವ ತವರಿನಿಂದ ಅದನ್ನೂ ತಂದಳು.

ಮುಂದಿನದು ನನ್ನದೇ ನೆನಪು. 1961ರ ಡಿಸೆಂಬರ್‌ನಲ್ಲಿ ನಾನು ಅಜ್ಜನ ಮನೆಯಲ್ಲಿದ್ದೆ. ತಲೆಯ ಮೇಲೆ ಜೆಟ್ ಹೋದರೆ ಸದ್ದಿಗೆ ಹಂಚು ಅಲುಗುತ್ತಿತ್ತು. ಡಿಸೆಂಬರ್ 18ರಂದು ಸಾಂಬ್ರಾದಿಂದ ಹಾರಿದ ಹಂಟರ್ ಯುದ್ಧವಿಮಾನಗಳು ಗೋವಾದ ಬಾಂಬೋಳಿಯ ನಿಸ್ತಂತು ಕೇಂದ್ರದ ಮೇಲೆ ದಾಳಿ ಮಾಡಿದವು ಅಂತ ಶಾಲೆಗೆ ಹೋದ ಮೇಲೆ ಓದಿದೆ. ಮರುದಿನ ರಾತ್ರಿಯ ಹೊತ್ತಿಗೆ ಪೋರ್ಚುಗೀಸರು ಶರಣಾದರು. ಬ್ರಿಟಿಷರ ಯುದ್ಧಕ್ಕೆ ಅಂತ ನಮ್ಮ ಅಜ್ಜಿಯಂಥವರು ಹೊತ್ತ ಖಡಿ ಗೋವಾದ ಬಿಡುಗಡೆಗೂ ಬಂತು. ಇದು ನನಗೆ ಬಹಳ ದೊಡ್ಡ ಮಾತು.

ವಾಯುಪಡೆಯ ದಾಖಲೆಯಲ್ಲಿ ಪೈಲಟ್‌ಗಳ ಹೆಸರು ಸಿಗುತ್ತದೆ, ಸಿಗಲೇಬೇಕು. ಬುಟ್ಟಿ ಹೊತ್ತವರ ಹೆಸರು ಎಲ್ಲಿ ಸಿಗಬೇಕು? ಯಾರ ಹೊಲ ಹೋಯಿತು, ಕೂಲಿ ಎಷ್ಟಿತ್ತು, ರಾತ್ರಿ ದೀಪಕ್ಕೆ ಮರೆ ಕಟ್ಟಿದ್ದರಾ ಅನ್ನುವುದು ಸಾಂಬ್ರಾ, ಸುಳೇಭಾವಿ, ಬಾಳೇಕುಂದ್ರಿ, ಮುತಗಾದ ಮುದುಕರನ್ನೇ ಕೇಳಬೇಕು. ಅಂಥವರೀಗ ತೊಂಬತ್ತು ದಾಟಿದ್ದಾರೆ. ಅವ್ವನ ಜೊತೆ ಆಡಿದವರಲ್ಲಿ ಉಳಿದವರು ತೀರಾ ಕಡಿಮೆ.

ಬೆಳಗಾವಿಯ ಕಾಲೇಜುಗಳ ಇತಿಹಾಸ ವಿಭಾಗದವರು ವಿದ್ಯಾರ್ಥಿಗಳನ್ನು ಈ ಊರುಗಳಿಗೆ ಕಳಿಸಲಿ. ಕೈಯಲ್ಲಿ ಮೊಬೈಲ್ ಇದ್ದರೆ ಸಾಕು, ಮಾತು ರೆಕಾರ್ಡ್ ಆಗುತ್ತದೆ. ಕನ್ನಡ, ಮರಾಠಿ ಎರಡರಲ್ಲೂ ಕೇಳಲಿ. ನಿಲ್ದಾಣದವರು ಹೊಸ ಕಟ್ಟಡದಲ್ಲಿ ಒಂದು ಗೋಡೆ ಇದಕ್ಕೆ ಬಿಡಲಿ. ನಿಮ್ಮ ಪತ್ರಿಕೆ ಓದುಗರಿಂದ ಇಂಥ ನೆನಪು, ಹಳೆಯ ಫೋಟೊ ಕೇಳಿ ವಾರಕ್ಕೊಂದು ಪ್ರಕಟಿಸಿದರೆ ಬಹಳ ಉಪಕಾರವಾಗುತ್ತದೆ. ಗೋಡೆ ಸಿಕ್ಕರೆ ಡಬ್ಬಿ ಕೊಡಲು ಅವ್ವ ಒಪ್ಪಿದ್ದಾಳೆ. ಪಕ್ಕದಲ್ಲಿ ಅಜ್ಜಿಯ ಹೆಸರು ಕನ್ನಡದಲ್ಲಿ ಬರೆಯಬೇಕು ಅನ್ನುವುದೊಂದೇ ಅವಳ ಷರತ್ತು.

– ಒಬ್ಬ ಓದುಗ, ನೂಲ, ಗಡಹಿಂಗ್ಲಜ ತಾಲೂಕು